ಗಂಟಲು ತೆರೆದ ಮೂರು ವರ್ಷ

ನಾನು ಎನ್‌ಸಿಸಿ (ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ನ್ಯಾಷನಲ್ ಕೆಡೆಟ್ ಕೋರ್) ಸೇರಿದ್ದು ದೇಶಸೇವೆಗೆ ಅಂತ ಹೇಳಿಕೊಂಡರೆ ನಮ್ಮ ಬ್ಯಾಚಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಬಿ.ಎ. ಮೊದಲ ವರ್ಷಕ್ಕೆ ಸೇರಿದ ಹೊಸತರಲ್ಲಿ ನೋಟಿಸ್ ಬೋರ್ಡಿನ ಮುಂದೆ ಸೀನಿಯರ್ ಅಕ್ಕ ಒಬ್ಬರು, "'ಸಿ' ಸರ್ಟಿಫಿಕೇಟ್ ಇದ್ರೆ ಮುಂದೆ ಅನುಕೂಲ ಆಗ್ತದೆ ಕಣೇ, ಪರೇಡ್ ಮುಗಿದ ಮೇಲೆ ತಿಂಡೀನೂ ಕೊಡ್ತಾರೆ" ಅಂದಿದ್ದರು. ಎನ್‌ಸಿಸಿಯ 'ಎ', 'ಬಿ', 'ಸಿ' ಪರೀಕ್ಷೆಗಳಲ್ಲಿ 'ಸಿ' ಕೊನೆಯದು. ಆದರೆ ನನ್ನನ್ನು ಹಿಡಿದದ್ದು ಆ ಎರಡನೆಯ ಮಾತು, ತಿಂಡಿಯದು. ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಕಾಲೇಜಿಗೆ ಹೊಂದುವ ಬಸ್ಸು ಬೆಳಗ್ಗೆ ಒಂದೇ ಒಂದು. ಅವ್ವ ರೊಟ್ಟಿ ತಟ್ಟುವ ಹೊತ್ತಿಗೆ ನಾನು ರಸ್ತೆಯಲ್ಲಿರಬೇಕಿತ್ತು. ಶನಿವಾರ ಒಂದು ದಿನವಾದರೂ ಬಿಸಿ ಇಡ್ಲಿ ಸಿಗುತ್ತದಲ್ಲ ಅನ್ನುವುದು ಆಗಿನ ಲೆಕ್ಕ.

ಆಯ್ಕೆಯ ದಿನ ಓಡಿಸಿದರು, ಎತ್ತರ ಅಳೆದರು, ಸಾಮಾನ್ಯ ಜ್ಞಾನದ ನಾಲ್ಕು ಪ್ರಶ್ನೆ ಕೇಳಿದರು. ಕೊನೆಗೆ ಬೆಟಾಲಿಯನ್ನಿನಿಂದ ಬಂದಿದ್ದ ಹವಾಲ್ದಾರರು ನನ್ನ ಹೆಸರು ಕೇಳಿದರು. ಹೇಳಿದೆ. ಕಿವಿಗೆ ಕೈ ಇಟ್ಟುಕೊಂಡು "ಜೋರ್ ಸೇ" ಅಂದರು. ಮತ್ತೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ನಮ್ಮ ಎನ್‌ಸಿಸಿ ಅಧಿಕಾರಿ, ಅಂದರೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಡಂ, "ಓಟ ಚೆನ್ನಾಗಿ ಓಡಿದಾಳೆ ಬಿಡಿ, ದನಿ ಆಮೇಲೆ ಬರ್ತದೆ" ಅಂತ ನನ್ನ ಹೆಸರಿನ ಮುಂದೆ ಟಿಕ್ ಹಾಕಿದರು.

ದನಿ ಬರದಿರುವುದಕ್ಕೆ ಕಾರಣ ಇತ್ತು. ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುವ ಹಕ್ಕು ಇದ್ದದ್ದು ಅಪ್ಪನಿಗೆ ಮತ್ತು ಕೊಬ್ಬರಿ ಕೊಳ್ಳಲು ಬರುವ ವ್ಯಾಪಾರಿಗೆ. ಹಿತ್ತಲಲ್ಲಿ ನಾವು ಅಕ್ಕತಂಗಿಯರು ನಕ್ಕರೂ ಒಳಗಿಂದ ಅಜ್ಜಿ, "ಏನ್ರೇ ಅದು, ಊರಿಗೆಲ್ಲ ಕೇಳಂಗೆ?" ಅನ್ನುತ್ತಿದ್ದಳು. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಕೈ ಎತ್ತಿದರೆ ಸಾಕಾಗಿತ್ತು. ಹೈಸ್ಕೂಲಿಂದ ಪಿಯುಸಿ ಮುಗಿಯುವವರೆಗೂ ಒಬ್ಬ ಮೇಷ್ಟ್ರಾದರೂ ನನ್ನ ಬಾಯಿಂದ ಪೂರ್ತಿ ಒಂದು ವಾಕ್ಯ ಕೇಳಿದ್ದರೋ ಇಲ್ಲವೋ. ಒಳ್ಳೆಯ ಹುಡುಗಿ, ತನ್ನ ಪಾಡಿಗೆ ತಾನಿರುತ್ತಾಳೆ ಅಂತ ಹೊಗಳುತ್ತಿದ್ದರು.

ಮನೆಯಲ್ಲಿ ಒಪ್ಪಿಗೆ ಕೊಡಿಸಿದ್ದು ತಾತ. ಅವರು ತುಮಕೂರಿನಲ್ಲಿ ಕಾಲೇಜು ಓದುವ ಕಾಲಕ್ಕೆ ಎನ್‌ಸಿಸಿ ಕಡ್ಡಾಯ. ಚೀನಾ ಯುದ್ಧವಾದ ಮರುವರ್ಷ, 1963ರಲ್ಲಿ, ಹಾಗೆ ಮಾಡಿದರಂತೆ. 1968ರಲ್ಲಿ ಮತ್ತೆ ಇಷ್ಟವಿದ್ದವರು ಸೇರಬಹುದು ಅಂತಾಯಿತು. "ನಾವು ತಪ್ಪಿಸ್ಕೊಳ್ಳಾಕೆ ದಾರಿ ಹುಡುಕ್ತಿದ್ವಿ, ಇವಳು ತಾನಾಗೇ ಹೋಗ್ತೀನಿ ಅಂತಾಳೆ, ಹೋಗ್ಲಿ ಬಿಡು" ಅಂತ ಅಪ್ಪನಿಗೆ ಹೇಳಿದರು. ಎನ್‌ಸಿಸಿ ಶುರುವಾದದ್ದು 1948ರಲ್ಲಿ, ಹುಡುಗಿಯರ ವಿಭಾಗ ಅದರ ಮರುವರ್ಷವೇ ಬಂತು. ನಮ್ಮ ಮನೆಯ ಹುಡುಗಿಯರ ಪಾಲಿಗೆ ಅದು ತಲುಪಲು ಅರವತ್ತು ವರ್ಷದ ಮೇಲಾಯಿತು, ಅಷ್ಟೇ.

ಮೊದಲು ತಿಂಗಳುಗಟ್ಟಲೆ ಕಲಿಸಿದ್ದು ನಿಲ್ಲುವುದನ್ನು. ಕೇಳಿದವರಿಗೆ ನಗು ಬರಬಹುದು. ಸಾವಧಾನ್ ಅಂದರೆ ಹಿಮ್ಮಡಿ ಕೂಡಿ, ಪಾದಗಳ ನಡುವೆ 30 ಡಿಗ್ರಿ ಕೋನ, ಮುಷ್ಟಿ ಪ್ಯಾಂಟಿನ ಹೊಲಿಗೆಗೆ ಅಂಟಿರಬೇಕು, ಕಣ್ಣು ನೇರ. ವಿಶ್ರಾಮ್ ಅಂದರೆ ಕಾಲುಗಳ ನಡುವೆ 12 ಅಂಗುಲ, ಕೈ ಬೆನ್ನ ಹಿಂದೆ. ನೊಣ ಮೂಗಿನ ಮೇಲೆ ಕೂತರೂ ಓಡಿಸುವ ಹಾಗಿಲ್ಲ. ಬಗ್ಗಿ ನಡೆದು, ವೇಲಿನಲ್ಲಿ ಎದೆ ಮುಚ್ಚಿಕೊಂಡು, ನೆಲ ನೋಡುತ್ತಾ ಬೆಳೆದ ಹುಡುಗಿಯರಿಗೆ ಎದೆ ಮುಂದೆ, ಗದ್ದ ಮೇಲೆ ಮಾಡಿ ಮೈದಾನದ ನಟ್ಟನಡುವೆ ನಿಲ್ಲು ಅನ್ನುವುದೇ ದೊಡ್ಡ ಪರೀಕ್ಷೆ. ಕಾಂಪೌಂಡಿನ ಆಚೆ ಹುಡುಗರು ನಿಂತು ನೋಡುತ್ತಿದ್ದರು. ಒಂದೆರಡು ವಾರ ಅವರು ನಕ್ಕರು, ಆಮೇಲೆ ಅವರಿಗೂ ಬೇಜಾರಾಗಿ ಬೇರೆ ಕಡೆ ಹೋದರು. ನಾವು ಮಾತ್ರ ಹಾಗೇ ನಿಂತಿದ್ದೆವು.

ನಿಲ್ಲುವುದು ಬಂದಮೇಲೆ ಶುರುವಾಯಿತು ವರ್ಡ್ ಆಫ್ ಕಮಾಂಡ್, ಅಂದರೆ ಆದೇಶ ಕೂಗುವುದು. ಪ್ರತಿಯೊಬ್ಬಳೂ ಸರದಿಯ ಮೇಲೆ ಸಾಲಿನಿಂದ ಹೊರಗೆ ಬಂದು, ಉಳಿದವರನ್ನು ತಾನೇ ನಡೆಸಬೇಕು. ಆದೇಶದಲ್ಲಿ ಎರಡು ಭಾಗ ಇರುತ್ತದೆ. ಬಲಕ್ಕೆ ತಿರುಗಿಸುವ "ದಾಹಿನೇ ಮುಡ್" ತಗೊಳ್ಳಿ. "ದಾಹಿನೇ" ಅನ್ನುವುದು ಎಚ್ಚರಿಕೆ, ಅದನ್ನು ಎಳೆದು ಹೇಳಬೇಕು. ಆಮೇಲೆ ಒಂದು ತಡೆ. ಆ ತಡೆಯಲ್ಲಿ ಇಡೀ ಸ್ಕ್ವಾಡ್ ಉಸಿರು ಹಿಡಿದಿರುತ್ತದೆ. ಆಮೇಲೆ "ಮುಡ್", ಚಾಟಿ ಬೀಸಿದ ಹಾಗೆ. ತಡೆ ಕಮ್ಮಿಯಾದರೆ ಸಾಲು ಚೆಲ್ಲಾಪಿಲ್ಲಿ, ಜಾಸ್ತಿಯಾದರೆ ಯಾರೋ ಒಬ್ಬಳು ತಾನೇ ತಿರುಗಿಬಿಡುತ್ತಾಳೆ. ನಡೆಯುತ್ತಿರುವ ಸಾಲನ್ನು ನಿಲ್ಲಿಸುವುದಂತೂ ಇನ್ನೂ ಕಷ್ಟ; ಯಾವ ಕಾಲು ನೆಲಕ್ಕೆ ಬೀಳುವಾಗ "ಥಮ್" ಅನ್ನಬೇಕು ಅನ್ನುವುದನ್ನು ಕಣ್ಣಲ್ಲಿ ನೋಡಿ ಹೇಳಿದರೆ ತಡವಾಗುತ್ತದೆ, ಕಿವಿಯಲ್ಲಿ ಬೂಟಿನ ಸದ್ದು ಹಿಡಿದು ಹೇಳಬೇಕು.

ನನ್ನ ಸರದಿ ಬಂದಾಗ ಬಾಯಿಂದ ಹೊರಟದ್ದು ಮೊದಲ ಸಾಲಿಗೂ ತಲುಪಲಿಲ್ಲ. ಮುಂದಿನವರು ತಿರುಗಿದರು, ಹಿಂದಿನವರು ನಿಂತೇ ಇದ್ದರು. ನಮ್ಮ ಹವಾಲ್ದಾರರನ್ನು ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಗಢವಾಲದ ಕಡೆಯವರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು 'ಬೇಗ', 'ನೀರು', 'ಸಾಕು' ಅಷ್ಟೇ. ಅವರು ಬೈಯಲಿಲ್ಲ. ಮೈದಾನದ ಆ ತುದಿಯ ಬೇವಿನ ಮರ ತೋರಿಸಿ, ಅಲ್ಲಿ ಹೋಗಿ ನಿಂತುಕೊಂಡು ಅಲ್ಲಿಂದ ಸ್ಕ್ವಾಡ್ ನಡೆಸು ಅಂದರು. ಗಂಟಲು ಹರಿದುಕೊಂಡರೂ ಅಲ್ಲಿಂದ ಕೇಳುತ್ತಿರಲಿಲ್ಲ. ಆಗ ಸೀನಿಯರ್ ಅಕ್ಕ ಓಡಿಬಂದು ಹೊಟ್ಟೆಗೆ ಎರಡು ಬೆರಳು ಒತ್ತಿ, "ಇಲ್ಲಿಂದ ತಗಿ. ಗಂಟಲಿಂದ ಕಿರುಚಿದ್ರೆ ಕೀರಲು ಆಗ್ತದೆ. ಹೊಟ್ಟೆ ಒಳಗೆ ಎಳ್ಕೊಂಡು ದೂಡು" ಅಂದರು. ಅದೊಂದೇ ಮಾತು ಕೆಲಸಕ್ಕೆ ಬಂದದ್ದು. ಮನೆಗೆ ಹೋದಮೇಲೆ ತೋಟದ ಬದುವಿನಲ್ಲಿ ನಿಂತು ತೆಂಗಿನ ಮರಗಳಿಗೆ ಸಾವಧಾನ್-ವಿಶ್ರಾಮ್ ಹೇಳುತ್ತಿದ್ದೆ. ಪಕ್ಕದ ತೋಟದವರು ಅಪ್ಪನ ಹತ್ತಿರ ವಿಚಾರಿಸಿದರಂತೆ, ಹುಡುಗಿಗೆ ಏನಾದರೂ ಮೈಮೇಲೆ ಬರುತ್ತದಾ ಅಂತ.

'ಬಿ' ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬೇಕಾದರೆ ಹಾಜರಾತಿ 75 ಪರ್ಸೆಂಟ್ ಇರಬೇಕು, ಒಂದು ಕ್ಯಾಂಪಾದರೂ ಮುಗಿಸಿರಬೇಕು. ವಾರ್ಷಿಕ ತರಬೇತಿ ಕ್ಯಾಂಪು ಅಂದರೆ 10 ದಿನ, ಮನೆಯ ಹೊರಗೆ. ಅಜ್ಜಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಮೇಡಂ ಖುದ್ದು ಮನೆಗೆ ಬಂದು, "ಹುಡುಗಿಯರ ಬ್ಲಾಕೇ ಬೇರೆ, ರಾತ್ರಿ ನಾನೂ ಅಲ್ಲೇ ಮಲಗೋದು" ಅಂತ ಅವ್ವನಿಗೆ ಹೇಳಿದ ಮೇಲೆ ಗಂಟು ಸಡಿಲಾಯಿತು. ಅವ್ವ ಚಕ್ಕುಲಿ, ಕೊಬ್ಬರಿ ಮಿಠಾಯಿ, ಎರಡು ಬಾಟಲಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಮೊದಲ ರಾತ್ರಿಯೇ ಎಲ್ಲ ಖಾಲಿ.

ಕ್ಯಾಂಪು ಇದ್ದದ್ದು ತುಮಕೂರಿನ ಹೊರಗಿನ ಒಂದು ವಸತಿ ಶಾಲೆಯ ಆವರಣದಲ್ಲಿ. ಒಂದೊಂದು ಕೊಠಡಿಯಲ್ಲಿ ಇಪ್ಪತ್ತು ಚಿಲ್ಲರೆ ಹುಡುಗಿಯರು, ನೆಲದ ಮೇಲೆ ಟಾರ್ಪಾಲಿನ್. ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಪಾವಗಡದವಳು, ಕುಣಿಗಲ್ಲಿನವಳು, ಶಿರಾದ ಗುಂಡಗಿನವಳು ಅಂತಲೇ ಕರೆಯುತ್ತಿದ್ದೆವು. ನಾನು 'ಕೊಬ್ಬರಿ'. ನಮ್ಮ ಕೊಠಡಿಗೆ ನನ್ನನ್ನು ಸೀನಿಯರ್ ಮಾಡಿದರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ; ಬಾಗಿಲ ಪಕ್ಕ ಮಲಗಿದ್ದೆ ಅಂತ ಇರಬೇಕು. ಬೆಳಗ್ಗೆ ನಾಲ್ಕೂವರೆಗೆ ಎಲ್ಲರನ್ನೂ ಎಬ್ಬಿಸುವುದು, ಐದೂವರೆಗೆ ಫಾಲ್-ಇನ್‌ಗೆ (ಸಾಲಾಗಿ ನಿಲ್ಲುವುದಕ್ಕೆ) ತಲೆ ಎಣಿಸಿ ಒಪ್ಪಿಸುವುದು, ಯಾರಿಗೆ ಜ್ವರ, ಯಾರಿಗೆ ಬೂಟು ಕಚ್ಚಿದೆ, ಯಾರ ಮಗ್ಗು ಕಳೆದಿದೆ ಎಲ್ಲ ನನ್ನ ತಲೆಗೆ. ನಮ್ಮ ಮನೆಯಲ್ಲಿ ನನ್ನನ್ನು ಎಬ್ಬಿಸುವುದಕ್ಕೇ ಅವ್ವ ಎರಡು ಸಲ ಬರಬೇಕಿತ್ತು.

ಕ್ಯಾಂಪಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಂದೂಕು, ಕ್ಯಾಂಪ್ ಫೈರ್ ಅಂತ ಬರೆಯುತ್ತಾರೆ. ನನಗೆ ನೆನಪಿರುವುದು ಕಕ್ಕಸಿನ ಸರದಿ. ಹುಡುಗಿಯರ ಬ್ಲಾಕಿನ ಶೌಚಾಲಯ ತೊಳೆಯುವುದು ಫಟೀಗ್, ಅಂದರೆ ಕೆಡೆಟ್‌ಗಳೇ ಮಾಡಬೇಕಾದ ಮೈಗೆಲಸ, ದಿನಕ್ಕೊಂದು ಕೊಠಡಿಯ ಪಾಳಿ. ನಮ್ಮ ಪಾಳಿ ಬಂದ ಬೆಳಗ್ಗೆ ನಮ್ಮಲ್ಲೊಬ್ಬಳು ಪೊರಕೆ ಮುಟ್ಟಲ್ಲ ಅಂದಳು. "ನಮ್ಮನೇಲಿ ಈ ಕೆಲಸಕ್ಕೆ ಬೇರೆಯವರು ಬರ್ತಾರೆ" ಅಂದಳು. ಹಾಗೆ ಹೇಳುವಾಗ ಅವಳ ಕಣ್ಣು ಮೂಲೆಯಲ್ಲಿದ್ದ ಇನ್ನೊಬ್ಬ ಹುಡುಗಿಯ ಕಡೆ ಹೋಯಿತು. ಕೊಠಡಿಯಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು. ಮೂಲೆಯವಳು ಏನೂ ಮಾತಾಡದೆ ಪೊರಕೆ ಎತ್ತಿಕೊಳ್ಳಲು ಹೊರಟಳು. "ನೀನು ಇಡು ಕೆಳಗೆ" ಅಂದೆ. ಎಷ್ಟು ಜೋರಾಗಿ ಅಂದೆ ಅಂದರೆ ಪಕ್ಕದ ಕೊಠಡಿಯವರು ಇಣುಕಿ ನೋಡಿದರು. ಹೆಸರುಗಳನ್ನು ಅಕ್ಷರಮಾಲೆಯ ಪ್ರಕಾರ ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಮೊದಲು ನನ್ನದೂ ಇನ್ನಿಬ್ಬರದೂ, ಆಮೇಲೆ ಪೊರಕೆ ಮುಟ್ಟಲ್ಲ ಅಂದವಳದು. ಮೂಲೆಯವಳ ಹೆಸರು ಕೊನೆಯಲ್ಲಿ ಬಂತು, ಅವಳ ಹೆಸರು ಶುರುವಾಗುತ್ತಿದ್ದದ್ದೇ ಹಾಗೆ. ಪೊರಕೆ ಮುಟ್ಟಲ್ಲ ಅಂದವಳು ಅವತ್ತು ಅತ್ತುಕೊಂಡೇ ತೊಳೆದಳು. ಅವಳು ನನ್ನನ್ನು ಕ್ಷಮಿಸಿದಳು ಅಂತಾಗಲಿ, ಅವರಿಬ್ಬರೂ ಗೆಳತಿಯರಾದರು ಅಂತಾಗಲಿ ಹೇಳಲಾರೆ, ಹಾಗೇನೂ ಆಗಲಿಲ್ಲ. ಎನ್‌ಸಿಸಿಯ ಘೋಷವಾಕ್ಯ 'ಏಕತಾ ಔರ್ ಅನುಶಾಸನ್', ಏಕತೆ ಮತ್ತು ಶಿಸ್ತು. ಭಾಷಣದಲ್ಲಿ ಅದನ್ನು ಕೇಳಿದಾಗಲೆಲ್ಲ ನನಗೆ ಆ ಬಾಗಿಲಿನ ಚೀಟಿಯೇ ಕಣ್ಣಮುಂದೆ ಬರುತ್ತದೆ.

ಇನ್ನೊಂದು ವಿಷಯ ಯಾರೂ ಬರೆಯುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಅಷ್ಟು ಹುಡುಗಿಯರು 10 ದಿನ ಒಟ್ಟಿಗಿದ್ದರೆ ದಿನಾ ಯಾರಾದರೂ ಮುಟ್ಟಾಗಿಯೇ ಇರುತ್ತಾರೆ. ಮೊದಲ ಬೆಳಗ್ಗೆ ಪಿ.ಟಿ.ಗೆ ಹೊರಡುವಾಗ ಕುಣಿಗಲ್ಲಿನವಳು ಹೊಟ್ಟೆ ಹಿಡಿದು ಕೂತಿದ್ದಳು. ಉಸ್ತಾದರಿಗೆ ಹೇಗೆ ಹೇಳುವುದು? ಹುಡುಗಿಯರ ಜೊತೆ ಇರಲು ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್ ಅಂತ ಒಬ್ಬರಿದ್ದರು, ಜಿಸಿಐ. ಅವರ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಅವರು, "ಪಿಸುಗುಡಬೇಡ. ರಿಪೋರ್ಟ್ ಕೊಡು" ಅಂದರು. ಸಾವಧಾನದಲ್ಲಿ ನಿಂತು, "ಮೇಡಂ, ಒಬ್ಬ ಕೆಡೆಟ್ ಪಿರಿಯಡ್ಸ್, ಹೊಟ್ಟೆನೋವು, ಪಿ.ಟಿ.ಗೆ ಬರೋಕಾಗಲ್ಲ" ಅಂದೆ. ಜ್ವರ ಅಂತ ಹೇಳುವಷ್ಟೇ ಸಲೀಸಾಗಿ ಹೇಳಬಹುದಾದ ಮಾತು ಅದು ಅಂತ ನನಗೆ ಹತ್ತೊಂಬತ್ತನೇ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಕೊಠಡಿಗೊಂದು ಪ್ಯಾಡಿನ ಪೊಟ್ಟಣ, ಹಳೇ ಪೇಪರು, ಮುಚ್ಚಳದ ಬಕೆಟ್ಟು ಬಂತು. ಕೇಳಿದ್ದಕ್ಕೆ ಬಂತು, ಕೇಳದಿದ್ದರೆ ಬರುತ್ತಿರಲಿಲ್ಲ.

ಫೈರಿಂಗ್ ಬಗ್ಗೆ ಎರಡೇ ಮಾತು. ಪಾಯಿಂಟ್ 22 ರೈಫಲ್, 25 ಮೀಟರ್ ದೂರದ ಟಾರ್ಗೆಟ್, ಹೊಟ್ಟೆಯ ಮೇಲೆ ಮಲಗಿ ಐದು ಗುಂಡು. ಸಿನಿಮಾದಲ್ಲಿ ತೋರಿಸುವ ಹಾಗೆ ಭುಜ ಹಾರಿಹೋಗುವುದಿಲ್ಲ. ಉಸಿರು ಅರ್ಧ ಬಿಟ್ಟು ತಡೆದು, ಟ್ರಿಗರ್ ಎಳೆಯದೆ ಮೆಲ್ಲಗೆ ಹಿಂಡಬೇಕು. ನನ್ನ ಗುಂಡುಗಳು ಹರಡಿಕೊಂಡಿದ್ದವು. ಶಿರಾದವಳದು ಒಂದೇ ಕಡೆ ಗುಂಪಾಗಿ ಬಿದ್ದಿದ್ದವು, ಅವಳು ಮುಂದೆ ಹಲವು ಬೆಟಾಲಿಯನ್ ಸೇರಿದ ಗ್ರೂಪ್ ಮಟ್ಟದ ಸ್ಪರ್ಧೆಗೂ ಹೋದಳು.

ನನ್ನ ಶತ್ರು ಬೇರೆ ಇತ್ತು, ಆರಡಿ ಗೋಡೆ. ಅಬ್‌ಸ್ಟಕಲ್ ಕೋರ್ಸಿನಲ್ಲಿ 10 ಅಡೆತಡೆ ಇರುತ್ತವೆ. ಹಲಗೆಯ ಮೇಲೆ ನೇರ ನಡಿಗೆ, ಅಂಕುಡೊಂಕು ಹಲಗೆ, ಗೇಟು ಹಾರುವುದು, ಜೋಡಿ ಹಳ್ಳ, ಇಳಿಜಾರು, ಹೀಗೆ. ಎಲ್ಲ ಹೇಗೋ ದಾಟುತ್ತಿದ್ದೆ. ಗೋಡೆಯ ಮುಂದೆ ಮಾತ್ರ ನನ್ನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ನನ್ನ ಎತ್ತರ ಐದಡಿಯ ಮೇಲೆ ಒಂದಂಗುಲ. ಪಾವಗಡದವಳು ನನಗಿಂತ ಗಿಡ್ಡ, ಆದರೂ ಬೆಕ್ಕಿನಂತೆ ಹಾರುತ್ತಿದ್ದಳು. ಸಂಜೆ ಆಟದ ಹೊತ್ತಿನಲ್ಲಿ ನನ್ನನ್ನು ಗೋಡೆಯ ಹತ್ತಿರ ಎಳೆದುಕೊಂಡು ಹೋದಳು. "ನೀನು ಗೋಡೆ ಬಂತು ಅಂತ ಬ್ರೇಕ್ ಹಾಕ್ತೀಯ. ಕೊನೇ ಎರಡು ಹೆಜ್ಜೆ ಜಾಸ್ತಿ ಜೋರಾಗಿ ಇಡು. ಗೋಡೆ ನೋಡಬೇಡ, ಗೋಡೆ ಆಚೆ ಇರೋ ಮರ ನೋಡು. ಒಂದು ಕಾಲು ಗೋಡೆಗೆ ಒದ್ದು, ಅದೇ ಏಟಿಗೆ ಎರಡೂ ಕೈ ಮೇಲೆ." ಇದೆಲ್ಲ ಎಲ್ಲಿ ಕಲಿತೆ ಅಂತ ಕೇಳಿದರೆ, ಹಾಸ್ಟೆಲ್ಲಿನ ಕಾಂಪೌಂಡ್ ಅಂದಳು. ಅವತ್ತು ಮೊಣಕೈ ಕಿತ್ತುಬಂತು. ಮಾರನೆಯ ದಿನ ಹೊಟ್ಟೆ ಗೋಡೆಯ ಮೇಲೆ ಸಿಕ್ಕಿಕೊಂಡು ಒಗೆದ ಬಟ್ಟೆಯ ಹಾಗೆ ಎರಡೂ ಕಡೆ ಜೋತಾಡಿದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಕ್ಯಾಂಪು ಮುಗಿಯುವ ಮೊದಲು ದಾಟಿದೆ. ಚೆಂದವಾಗೇನೂ ಅಲ್ಲ, ಆದರೂ ಆಚೆಗೆ ಬಿದ್ದೆ.

ರಾತ್ರಿ ಸೆಂಟ್ರಿ ಡ್ಯೂಟಿ ಇಬ್ಬಿಬ್ಬರಿಗೆ, ಎರಡೆರಡು ಗಂಟೆ. ಕೈಯಲ್ಲಿ ಟಾರ್ಚು, ಕೊರಳಲ್ಲಿ ಸೀಟಿ. ನನ್ನದು ಹನ್ನೆರಡರಿಂದ ಎರಡು, ಜೊತೆಗೆ ಕುಣಿಗಲ್ಲಿನವಳು. ಯಾರು ಬಂದರೂ ತಡೆದು ಕೇಳಬೇಕು, ಗುರುತು ಹತ್ತಿದ ಮೇಲೇ ಬಿಡಬೇಕು, ಯಾರೇ ಆಗಲಿ, ಅಂತ ಆದೇಶ. ಒಂದೂವರೆ ಹೊತ್ತಿಗೆ ನೀರಿನ ಟ್ಯಾಂಕಿನ ಕಡೆಯಿಂದ ಹೆಜ್ಜೆ ಸದ್ದು ಬಂತು. ಕುಣಿಗಲ್ಲಿನವಳು ನನ್ನ ಸ್ವೆಟರ್ ಹಿಡಿದುಕೊಂಡಳು. ನಾನು ಹೊಟ್ಟೆ ಒಳಗೆಳೆದುಕೊಂಡೆ. "ಥಮ್! ಕೌನ್ ಆತಾ ಹೈ?"

ಹೆಜ್ಜೆ ನಿಂತಿತು. "ಹಾಥ್ ಊಪರ್!" ಅಂದೆ. ಕತ್ತಲಲ್ಲಿ ಎರಡು ಕೈ ಮೇಲೆ ಹೋದವು. ಟಾರ್ಚು ಹಾಕಿದೆ. ಕ್ಯಾಂಪ್ ಕಮಾಂಡೆಂಟ್, ಕರ್ನಲ್ ಸಾಹೇಬರು, ಅವರ ಹಿಂದೆ ನಮ್ಮ ಮೇಡಂ, ಇಬ್ಬರೂ ಕೈ ಎತ್ತಿಕೊಂಡು ನಿಂತಿದ್ದಾರೆ. ಗುರುತಿನ ಚೀಟಿ ತೋರಿಸಿ ಅಂತ ಕೇಳುವಷ್ಟರಲ್ಲಿ ನನ್ನ ಹಿಂದಿ ಮುಗಿದುಹೋಗಿತ್ತು, ಕನ್ನಡದಲ್ಲೇ ಕೇಳಿದೆ. ಅವರು ತೋರಿಸಿದರು. ರೌಂಡ್ಸ್ ಮುಗಿಸಿ ಹೋಗುವಾಗ ಮೇಡಂ ಮಾತ್ರ ತಿರುಗಿ ಒಮ್ಮೆ ನೋಡಿದರು. ನಮ್ಮಪ್ಪನ ಮುಂದೆ ಎದುರು ಕೂತು ಮಾತಾಡಿರದ ನಾನು ಒಬ್ಬ ಕರ್ನಲ್‌ರನ್ನು ಬರೀ ಬಾಯಿಂದ ನಿಲ್ಲಿಸಿದ್ದೆ. ಆ ರಾತ್ರಿ ಡ್ಯೂಟಿ ಮುಗಿದ ಮೇಲೂ ನಿದ್ದೆ ಬರಲಿಲ್ಲ.

ಮ್ಯಾಪ್ ರೀಡಿಂಗ್ ನನಗೆ ಒಲಿದ ವಿದ್ಯೆ. ನಕ್ಷೆಯ ಮೇಲೆ ಮೊದಲು ಪೂರ್ವಕ್ಕೆ ಹೋಗುವ ಅಂಕಿ, ಆಮೇಲೆ ಉತ್ತರಕ್ಕೆ. ನಾಲ್ಕಂಕಿ ಹೇಳಿದರೆ ಒಂದು ಕಿಲೋಮೀಟರಿನ ಚೌಕ, ಆರಂಕಿ ಹೇಳಿದರೆ ನೂರು ಮೀಟರ್ ಒಳಗಿನ ಜಾಗ. ಎರಡನೇ ಕ್ಯಾಂಪಿನಲ್ಲಿ ನಮ್ಮನ್ನು ದೇವರಾಯನದುರ್ಗದ ಕಾಡಿನಂಚಿಗೆ ಕರೆದುಕೊಂಡು ಹೋಗಿ, ಏಳೆಂಟು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ನಕ್ಷೆ, ಕಂಪಾಸು, ಆರಂಕಿಯ ಮೂರು ಗುರುತು ಕೊಟ್ಟರು. ಗುಂಪಿಗೆ ನಾನು ಮುಖ್ಯಸ್ಥೆ. ಕೊನೆಯ ಗುರುತು ನಾಮದ ಚಿಲುಮೆಯ ಕಡೆ ಇತ್ತು. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತೆಗೆದ ಅನ್ನುವ ಜಾಗ. ಅಲ್ಲಿ ತಲುಪಿದರೆ ನೀರೂ ಊಟವೂ.

ಎರಡು ಗುರುತು ಸಲೀಸಾಗಿ ಸಿಕ್ಕವು. ಮೂರನೆಯದಕ್ಕೆ ಕಂಪಾಸು ತೋರಿಸಿದ ದಿಕ್ಕು ನೇರ ಒಂದು ದಿಣ್ಣೆಯ ಮೇಲೆ. ನಕ್ಷೆಯಲ್ಲಿ ಅಲ್ಲಿ ಕಂದು ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು, ಅವು ಅಷ್ಟು ಹತ್ತಿರ ಇದ್ದಾವೆ ಅಂದರೆ ಕಡಿದಾದ ಬಂಡೆ. ನಾನು ಬಳಸಿಕೊಂಡು ಹೋಗೋಣ ಅಂದೆ. ಗುಂಪಿನಲ್ಲಿದ್ದ ಮೂರನೇ ವರ್ಷದವರೊಬ್ಬರು, "ಬೇರಿಂಗ್ ಹಿಡಿದು ಹೋಗು ಅಂತ ತಾನೇ ಹೇಳಿಕೊಟ್ಟಿರೋದು, ಬಳಸಿದ್ರೆ ಒಂದು ಗಂಟೆ ಜಾಸ್ತಿ" ಅಂತ ಹಟ ಹಿಡಿದರು. ನೀರು ಮುಗಿಯುತ್ತಾ ಬಂದಿತ್ತು, ಇಬ್ಬರ ಕಾಲಲ್ಲಿ ಬೊಕ್ಕೆ. ಉಸ್ತಾದ್ ಹಿಂದೆಯೇ ಬರುತ್ತಿದ್ದರು. ಅವರ ಮುಖ ನೋಡಿದೆ. ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಕೂತರು, ಬೇಕೆಂದೇ. ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಕ್ಲಾಸಿನಲ್ಲಿ ಯಾವತ್ತೂ ಹೀಗಾಗುವುದಿಲ್ಲ. ಅಲ್ಲಿ ಉತ್ತರ ಗೊತ್ತಿರುವವರು ಐದು ನಿಮಿಷ ಸುಮ್ಮನಿರಲಾರರು. ನಾನು ಈಗ ಮೇಷ್ಟ್ರು ಕೆಲಸದಲ್ಲಿದ್ದೇನೆ, ನನಗೂ ಆಗುವುದಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ಆ ಬಂಡೆಯ ಕೆಳಗೆ ನಾವು ಜಗಳವಾಡಿದೆವು, ನಕ್ಷೆಯನ್ನು ನೆಲಕ್ಕೆ ಹಾಸಿ ಬೆರಳಿಟ್ಟು ತೋರಿಸಿದೆ, ಕೊನೆಗೆ "ಗುಂಪು ನನ್ನದು, ಬಳಸಿಕೊಂಡೇ ಹೋಗೋದು, ತಡವಾದ್ರೆ ಬೈಸ್ಕೊಳ್ಳೋಳು ನಾನು" ಅಂದೆ. ಬಳಸಿಕೊಂಡು ಹೋದೆವು. ತಡವಾಯಿತು. ನಮಗಿಂತ ಮೊದಲು ತಲುಪಿದ್ದ ಗುಂಪುಗಳು ಆಗಲೇ ಊಟ ಮುಗಿಸಿದ್ದವು, ನಮ್ಮ ಪಾಲಿಗೆ ಉಳಿದದ್ದು ತಳ ಹತ್ತಿದ ಪಲಾವು. ಉಸ್ತಾದ್ ತಮ್ಮ ತಟ್ಟೆ ಹಿಡಿದು ನಮ್ಮ ಜೊತೆಯೇ ಕೂತು ಅದನ್ನೇ ತಿಂದರು, ದಾರಿಯ ವಿಷಯ ಎತ್ತಲೇ ಇಲ್ಲ.

ಎಲ್ಲವೂ ಚೆನ್ನ ಅಂತ ನಾನು ಹೇಳಲಾರೆ. ತಡವಾಗಿ ಬಂದವರಿಗೆ ಕಪ್ಪೆ ಜಿಗಿತ, ನೆಲದ ಮೇಲೆ ಉರುಳಾಟ ಮಾಡಿಸುತ್ತಿದ್ದರು. ಅದರಿಂದ ಯಾರೂ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿತದ್ದು ನಾನು ಕಾಣೆ, ಮಂಡಿ ನೋವಂತೂ ಬಂತು. ಒಮ್ಮೆ ಅತಿಥಿಗಳು ಬರುತ್ತಾರೆ ಅಂತ ಬಿಸಿಲಲ್ಲಿ ಎಷ್ಟೋ ಹೊತ್ತು ನಿಲ್ಲಿಸಿ, ಇಬ್ಬರು ತಲೆ ತಿರುಗಿ ಬಿದ್ದರು. ಬಿದ್ದವರನ್ನು ಎತ್ತಿಕೊಂಡು ಹೋಗಿ ಸಾಲನ್ನು ಮತ್ತೆ ಸರಿ ಮಾಡಿದರು. ಇದನ್ನು ಸಹನೆ ಕಲಿಸುವುದು ಅನ್ನುವವರಿದ್ದಾರೆ. ಹುಡುಗರಿಗೆ ಕಷ್ಟ ಕೊಟ್ಟರೆ ಗಟ್ಟಿಯಾಗುತ್ತಾರೆ ಅನ್ನುವುದು ಅರ್ಧ ಮಾತು; ಕಷ್ಟದ ಜೊತೆ ಕೈಗೆ ಒಂದು ಜವಾಬ್ದಾರಿಯನ್ನೂ ಕೊಡದಿದ್ದರೆ ಅವರು ಕಲಿಯುವುದು ತಪ್ಪಿಸಿಕೊಳ್ಳುವುದನ್ನು ಮಾತ್ರ. ಗೋಡೆ, ನಕ್ಷೆ, ಕಕ್ಕಸಿನ ಚೀಟಿ ನನಗೆ ಏನಾದರೂ ಕೊಟ್ಟವು. ಬಿಸಿಲಲ್ಲಿ ನಿಂತದ್ದು ಏನೂ ಕೊಡಲಿಲ್ಲ.

ಮೂರನೇ ವರ್ಷ 'ಸಿ' ಪರೀಕ್ಷೆ ಬರೆದೆ. ಲಿಖಿತ ಒಂದು ಕಡೆ, ಡ್ರಿಲ್, ಶಸ್ತ್ರ, ನಕ್ಷೆಯ ಪ್ರಾಯೋಗಿಕ ಇನ್ನೊಂದು ಕಡೆ. ಸ್ಕ್ವಾಡ್ ನಡೆಸು ಅಂದಾಗ ಬೇವಿನ ಮರದ ದೂರದಿಂದಲೇ ನಡೆಸಿದೆ. 'ಬಿ' ಗ್ರೇಡ್ ಬಂತು. 'ಸಿ' ಸರ್ಟಿಫಿಕೇಟಿನಲ್ಲಿ ಅಷ್ಟು ಗ್ರೇಡ್ ಇದ್ದು, ಪದವಿಯಲ್ಲಿ 50 ಪರ್ಸೆಂಟ್ ಇದ್ದರೆ ಸೈನ್ಯದ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಲಿಖಿತ ಪರೀಕ್ಷೆ ಇಲ್ಲದೆ ಅರ್ಜಿ ಹಾಕಬಹುದು, ನೇರವಾಗಿ ಸೈನ್ಯದ ಅಧಿಕಾರಿಗಳನ್ನು ಆರಿಸುವ ಮಂಡಳಿಯಾದ ಎಸ್‌ಎಸ್‌ಬಿ ಸಂದರ್ಶನ. ಹುಡುಗಿಯರಿಗೆ ಇರುವ ಜಾಗ ಬೆರಳೆಣಿಕೆಯಷ್ಟು. ಕರೆ ಬಂತು, ಬೆಂಗಳೂರಿಗೆ ಹೋದೆ. ಮೊದಲ ದಿನದ ಸ್ಕ್ರೀನಿಂಗಿನಲ್ಲೇ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ಸಾದರು, ನಾನು ಉಳಿದೆ. ಗುಂಪು ಚರ್ಚೆಯಲ್ಲಿ ದೊಡ್ಡ ದೊಡ್ಡ ಊರಿನ ಹುಡುಗಿಯರು ಸರಾಗ ಇಂಗ್ಲಿಷಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ನನ್ನ ಇಂಗ್ಲಿಷು ಹರಕು ಮುರುಕು, ಆದರೆ ನಾನು ಶುರು ಮಾಡಿದರೆ ಉಳಿದವರು ನಿಲ್ಲುತ್ತಿದ್ದರು. ಕೊನೆಯ ದಿನ ಕಾನ್ಫರೆನ್ಸ್ ಔಟ್. ಐದೂ ದಿನ ಮುಗಿಸಿ ಆಯ್ಕೆಯಾಗದವರಿಗೆ ಹಾಗನ್ನುತ್ತಾರೆ. ಫೋನ್ ವಾಪಸ್ ಕೊಟ್ಟ ಮೇಲೆ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸು ಎಷ್ಟೊತ್ತಿಗೆ? ಸ್ಟಾಪಿಗೆ ಬರ್ತೀನಿ" ಅಂದರು.

ಆಮೇಲೆ ಬಿ.ಎಡ್. ಮಾಡಿ ಹೈಸ್ಕೂಲಿಗೆ ಸೇರಿದೆ. ನಮ್ಮಲ್ಲಿ ಜೂನಿಯರ್ ವಿಂಗ್ ಇದೆ, 'ಎ' ಸರ್ಟಿಫಿಕೇಟಿನದು. ಕ್ಯಾಂಪಿನ ಒಪ್ಪಿಗೆ ಪತ್ರ ಮನೆಗೆ ಹೋದ ಮಾರನೆಯ ದಿನ ತಾಯಂದಿರು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾರೆ. ಕಳಿಸೋದಾ ಮೇಡಂ, ಕತ್ತಲಾದ ಮೇಲೆ ಹೆಂಗೆ, ಊಟ ಹೆಂಗೆ ಅಂತ ಕೇಳುತ್ತಾರೆ. ಮೊನ್ನೆ ಬಂದ ಒಬ್ಬ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ರಾತ್ರಿ ಹುಡುಗಿಯರ ಜೊತೆ ಯಾವ ಮೇಡಂ ಇರುತ್ತಾರೆ, ಅವರ ನಂಬರ್ ಏನು ಅಂತ ಮೊದಲು ಕೇಳಿ ಬರೆದುಕೊಳ್ಳಿ, ಹೇಳದಿದ್ದರೆ ಕಳಿಸಬೇಡಿ. ಕಾಲುಚೀಲ ಕಮ್ಮಿಯೆಂದರೂ ನಾಲ್ಕು ಜೊತೆ ಬೇಕು. ಟ್ರಂಕಿಗೆ ಬೀಗ, ತಟ್ಟೆ-ಲೋಟಕ್ಕೆ ಉಗುರುಬಣ್ಣದಲ್ಲಿ ಹೆಸರು. ಪ್ಯಾಡು ಒಂದು ಪೊಟ್ಟಣ ಜಾಸ್ತಿ ಇಡಿ, ಪಕ್ಕದವಳಿಗೆ ಬೇಕಾಗುತ್ತದೆ. ಚಕ್ಕುಲಿ ಎಷ್ಟು ಕಟ್ಟಿದರೂ ಮೊದಲ ರಾತ್ರಿಗೇ ಮುಗಿಯುತ್ತದೆ, ಆದ್ದರಿಂದ ಜಾಸ್ತಿ ಕಷ್ಟಪಡಬೇಡಿ.

"ವಾಪಸ್ ಬಂದ ಮೇಲೆ ಹುಡುಗಿ ಎದುರುವಾದ ಮಾಡ್ತಾಳೆ ಅಂತಾರಲ್ಲ ಮೇಡಂ?" ಅಂದರು ಅವರು.

"ಮಾಡ್ತಾಳೆ" ಅಂದೆ. ಅವರು ಯೋಚನೆ ಮಾಡಿ ಹೇಳುತ್ತೇನೆ ಅಂತ ಒಪ್ಪಿಗೆ ಪತ್ರ ಚೀಲದಲ್ಲಿ ಇಟ್ಟುಕೊಂಡು ಹೋದರು. ಕೊನೆಯ ತಾರೀಕು ಶುಕ್ರವಾರ.